ಬಿಸಿಲು ನಮ್ಮದು, ಲೆಕ್ಕ ಯಾರದು?

ವಿದ್ಯುತ್ತಿಗೆ ತೆರಬೇಕಾದ ಬೆಲೆಯ ಕುರಿತು ಸಾಗರ, ಹೊಸನಗರ, ತೀರ್ಥಹಳ್ಳಿಯ ಜನರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಿಂತಾಗ ಸಾಗರ, ಹೊಸನಗರ ತಾಲೂಕುಗಳ ಗದ್ದೆ ತೋಟಗಳು ಹಿನ್ನೀರಿನಡಿ ಸೇರಿದವು. ಎಬ್ಬಿಸಲ್ಪಟ್ಟವರಲ್ಲಿ ಹಲವರು ತೀರ್ಥಹಳ್ಳಿಯ ಕಾಡಂಚಿಗೂ ಬಂದು ಬಿದ್ದರು. ಅವರಿಗೆಂದು ಅರಣ್ಯಭೂಮಿ ಬಿಟ್ಟುಕೊಟ್ಟ ಸರಕಾರದ ಅಧಿಸೂಚನೆಗಳು, ಕೇಂದ್ರದ ಪೂರ್ವಾನುಮತಿ ಇಲ್ಲವೆಂಬ ಕಾರಣಕ್ಕೆ 2021ರಲ್ಲಿ ಹೈಕೋರ್ಟಿನಲ್ಲಿ ರದ್ದಾದವು. ಶರಾವತಿಯ ಬೆಳಕು ರಾಜ್ಯಕ್ಕೆಲ್ಲ ಸಿಕ್ಕಿತು. ಹಕ್ಕುಪತ್ರ ಮಾತ್ರ ಸಂತ್ರಸ್ತರ ಮೊಮ್ಮಕ್ಕಳಿಗೂ ಕನಸಾಗಿಯೇ ಉಳಿಯಿತು.

ಈಗ ಅದೇ ಊರುಗಳ ಮನೆಗಳ ಮೇಲೆ ಸೌರಫಲಕಗಳು ಏರುತ್ತಿವೆ. ಇಲ್ಲಿಯೂ ಒಂದು ಪತ್ರದ ಪ್ರಶ್ನೆ ಇದೆ ಎಂಬುದು ಬಹಳ ಮಂದಿಗೆ ತಿಳಿಯದು.

2003ರ ವಿದ್ಯುತ್ ಕಾಯ್ದೆಯ ಪ್ರಕಾರ ವಿತರಣಾ ಕಂಪೆನಿಗಳು ತಾವು ಪೂರೈಸುವ ವಿದ್ಯುತ್ತಿನಲ್ಲಿ ನಿಗದಿತ ಪಾಲನ್ನು ನವೀಕರಿಸಬಹುದಾದ ಮೂಲಗಳಿಂದ ಪಡೆಯಲೇಬೇಕು. ಸ್ವಂತ ವಿದ್ಯುತ್ ಸ್ಥಾವರವಿರುವ ದೊಡ್ಡ ಕಾರ್ಖಾನೆಗಳಿಗೂ ಈ ಹೊಣೆ ಇದೆ. ಆಗದವರು ಪ್ರಮಾಣಪತ್ರ ಕೊಂಡು ಲೆಕ್ಕ ಸರಿದೂಗಿಸಬಹುದು. ಸಾವಿರ ಯೂನಿಟ್ಟಿಗೆ ಒಂದು ಪತ್ರ; ವ್ಯಾಪಾರ 2011ರಿಂದ ವಿದ್ಯುತ್ ವಿನಿಮಯ ಕೇಂದ್ರಗಳಲ್ಲಿ. ಅಂದರೆ ವಿದ್ಯುತ್ತು ಒಬ್ಬನಿಗೆ, ಅದರ ಪುಣ್ಯ ಇನ್ನೊಬ್ಬನಿಗೆ! ಕಲ್ಲಿದ್ದಲು ಸುಡುವವನು ಚೀಟಿ ಕೊಂಡು ಹಸಿರಾಗುತ್ತಾನೆ. ಆ ಚೀಟಿಯನ್ನಾದರೂ ಕೊಂಡರೇ? ಅನೇಕ ರಾಜ್ಯಗಳ ಕಂಪೆನಿಗಳು ಕೊಳ್ಳದೆ ಕುಳಿತವು, ಆಯೋಗಗಳು ದಂಡ ವಿಧಿಸದೆ ಬಾಕಿಯನ್ನು ಮುಂದಿನ ವರ್ಷಕ್ಕೆ ತಳ್ಳಿದವು. 2012ರಲ್ಲಿ 9,300 ರೂಪಾಯಿಯಿದ್ದ ಸೌರಪತ್ರದ ಕನಿಷ್ಠ ಬೆಲೆಯನ್ನು 2015ರಲ್ಲಿ 3,500ಕ್ಕೆ, 2017ರಲ್ಲಿ 1,000ಕ್ಕೆ ಇಳಿಸಬೇಕಾಯಿತು. 2022ರ ನಿಯಮಗಳು ಕನಿಷ್ಠ ಬೆಲೆಯನ್ನೇ ಕೈಬಿಟ್ಟವು.

ಮಲೆನಾಡಿನ ಮನೆಯೊಡೆಯನಿಗೆ ಈ ಸಂತೆಯ ಬಾಗಿಲು ತೆರೆದೇ ಇಲ್ಲ. ಅವನ ಚಾವಣಿಯ ಸೌರ ವಿದ್ಯುತ್ತನ್ನು ನಿಯಮದಂತೆ ವಿತರಣಾ ಕಂಪೆನಿಯ, ಅಂದರೆ ಶಿವಮೊಗ್ಗ ಜಿಲ್ಲೆಯಲ್ಲಿ ಮೆಸ್ಕಾಂನ, ಕಡ್ಡಾಯ ಪಾಲಿಗೆ ಜಮಾ ಮಾಡಲಾಗುತ್ತದೆ. ಗ್ರಿಡ್ಡಿಗೆ ಹೋದದ್ದಷ್ಟೇ ಅಲ್ಲ, ಅವನು ಮನೆಯಲ್ಲೇ ಬಳಸಿದ್ದೂ ಆ ಲೆಕ್ಕಕ್ಕೆ ಸೇರುತ್ತದೆ. ಹೆಚ್ಚುವರಿ ಯೂನಿಟ್ಟಿಗೆ ದರ ಸಿಗುತ್ತದೆ, ನಿಜ. ಆದರೆ ಅದು ವಿದ್ಯುತ್ತಿನ ಬೆಲೆಯೇ ಹೊರತು ಅದರ ಹಸಿರಿನ ಬೆಲೆಯಲ್ಲ.

ಸಬ್ಸಿಡಿ ಕೊಟ್ಟಿಲ್ಲವೇ ಎಂದು ಕೇಳುವವರಿದ್ದಾರೆ. 2024ರ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಕೊಡುವುದು ಕೇಂದ್ರ ಸರಕಾರ, ಜನರ ತೆರಿಗೆಯಿಂದ. ಉಳಿದ ಬಂಡವಾಳ ಮನೆಯೊಡೆಯನದು, ಸಾಲವೂ ಅವನದು. ಆಗುಂಬೆ, ಹುಲಿಕಲ್ಲಿನ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫಲಕದ ಮೇಲೆ ಬೀಳುವುದು ಬಿಸಿಲಲ್ಲ, ಮಳೆ. ಆ ನಷ್ಟವೂ ಅವನದೇ. ಕಂಪೆನಿಯ ಕೈಯಿಂದ ಹೋದದ್ದೇನು?

ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಇದೇ ಸಾವಿರ ಯೂನಿಟ್ಟಿನ ಪತ್ರ ಚಾವಣಿಯ ಘಟಕದ ಒಡೆಯನ ಹೆಸರಿಗೆ ಬಂತು. ವಿದ್ಯುತ್ ಮಾರುವ ಕಂಪೆನಿಗಳು ಅದನ್ನು ಕೊಳ್ಳಬೇಕು, ತಪ್ಪಿದರೆ ದಂಡ ಕಟ್ಟಬೇಕು. ಬೆಲೆ ಏರಿಳಿದು ಅಲ್ಲಿಯೂ ಪೇಚಾಟವಾಯಿತು. 2020ರಲ್ಲಿ ಹೊಸಬರಿಗೆ ಆ ಮಾರುಕಟ್ಟೆಯನ್ನು ಮುಚ್ಚಿ ನಿಗದಿತ ದರ ತಂದರು. ಆದರೆ ದುಡ್ಡು ಸೇರುವುದು ಘಟಕದ ಒಡೆಯನಿಗೇ. ಬಂಡವಾಳಶಾಹಿಯ ತವರೇ ಒಪ್ಪಿಕೊಂಡ ಈ ಸರಳ ನ್ಯಾಯ ಸಮಾಜವಾದದ ಮಾತನಾಡುವ ನಮ್ಮ ರಾಜ್ಯಕ್ಕೆ ಕಾಣಿಸದಿರುವುದು ವಿಪರ್ಯಾಸ.

ಮೂರು ಕಿಲೋವ್ಯಾಟಿನ ಮನೆಗೆ ವರ್ಷಕ್ಕೆ ಮೂರು ಪತ್ರ ದಕ್ಕಬಹುದು. ಈಗಿನ ಬೆಲೆಯಲ್ಲಿ ಅದು ದೊಡ್ಡ ಮೊತ್ತವೇನಲ್ಲ. ಆದರೆ ಹಳ್ಳಿಯ ಮನೆಗಳೆಲ್ಲ ಸಹಕಾರ ಸಂಘದ ಮೂಲಕ ಒಟ್ಟಾಗಿ ಮಾರುವಂತಾದರೆ ಲೆಕ್ಕ ಬೇರೆ. ಅದಕ್ಕಿಂತ ಮುಖ್ಯವಾಗಿ, ಕೇಳದೆ ತೆಗೆದುಕೊಳ್ಳುವ ಅಭ್ಯಾಸಕ್ಕೆ ಈ ನೆಲದಲ್ಲಿ ಆರು ದಶಕಗಳ ಇತಿಹಾಸವಿದೆ.

ಚಾವಣಿಯಿಂದ ಎಷ್ಟು ಯೂನಿಟ್ ತನ್ನ ಪಾಲಿಗೆ ಜಮೆಯಾಯಿತೆಂದು ಕಂಪೆನಿ ಪ್ರತಿ ಬಿಲ್ಲಿನಲ್ಲಿ ನಮೂದಿಸಲಿ. ಅದಕ್ಕೆ ಬೆಲೆ ಕಟ್ಟಿಕೊಡಲಿ. ದರ ಪರಿಷ್ಕರಣೆಗೆ ಮುನ್ನ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಸಾರ್ವಜನಿಕ ಆಕ್ಷೇಪಣೆಗಳನ್ನು ಆಹ್ವಾನಿಸುತ್ತದೆ. ಯೂನಿಟ್ಟಿಗೆ ಎಷ್ಟು ಪೈಸೆ ಏರುತ್ತದೆಂಬ ಆಕ್ಷೇಪಣೆಯ ಜೊತೆಗೆ ಮೂರೂ ತಾಲೂಕುಗಳ ಗ್ರಾಹಕರು ಈ ಬೇಡಿಕೆಯನ್ನೂ ಲಿಖಿತವಾಗಿ ಸಲ್ಲಿಸಬೇಕೆಂದು ನಾವು ಒತ್ತಾಯಿಸುತ್ತೇವೆ.