ಆಕಾಶಮಾರ್ಗದ ಅತಿಥಿಗಳು ಮತ್ತು ಜಾತ್ರೆಯ ಮಾರುಕಟ್ಟೆ

ನಾಲ್ವರು ಗೆಳೆಯರು ಕೂಡಿ ಪುಟ್ಟ ವಿಮಾನವೊಂದರಲ್ಲಿ ದೂರದ ಊರಿನ ಜಾತ್ರೆಗೆ ಹಾರಿ, ಉಂಡು, ಸುತ್ತಾಡಿ, ಸಂಜೆಗೆ ಮನೆ ಸೇರುವುದು ಭಾರತದಲ್ಲಿ ಇಂದಿಗೂ ಅಪರೂಪದ ಸಂಗತಿ. ಅಮೆರಿಕದಲ್ಲಿ ಅದೊಂದು ಬೇರೂರಿದ ವಾರಾಂತ್ಯದ ಹವ್ಯಾಸ. ಅಲ್ಲಿನ ಸಣ್ಣ ಊರುಗಳು ತಮ್ಮ ಕಿರು ವಿಮಾನ ನಿಲ್ದಾಣಗಳಲ್ಲಿ ಉಪಾಹಾರ ಕೂಟಗಳನ್ನು ಏರ್ಪಡಿಸಿ ಹವ್ಯಾಸಿ ಪೈಲಟ್‌ಗಳನ್ನು ಬರಮಾಡಿಕೊಳ್ಳುತ್ತವೆ. ಅಲ್ಪ ಬೆಲೆಯ ತಿಂಡಿಗಾಗಿ ಇಂಧನಕ್ಕೆ ಹಲವು ಪಟ್ಟು ಹಣ ತೆರಬೇಕಾಗುವುದರಿಂದ ಪೈಲಟ್‌ಗಳು ಅದನ್ನು 'ನೂರು ಡಾಲರಿನ ಹ್ಯಾಂಬರ್ಗರ್' ಎಂದು ತಮಾಷೆಯಾಗಿ ಕರೆಯುವುದುಂಟು. ಈ ತಮಾಷೆಯಲ್ಲಿ ವರ್ತಕರು ಗಮನಿಸಬೇಕಾದ ಒಂದು ಲೆಕ್ಕವಿದೆ. ಅತಿಥಿಯ ಹಣದ ಬಹುಭಾಗ ದಾರಿಯಲ್ಲಿಯೇ ವ್ಯಯವಾಗುತ್ತದೆ. ಉಳಿದುದರಲ್ಲಿ ಊರಿನ ಅಂಗಡಿಗೆ ಸೇರುವ ಪಾಲು ಎಷ್ಟೆಂಬುದು ಆ ಊರು ಏನನ್ನು ಮಾರಲು ಸಿದ್ಧವಾಗಿದೆ ಎಂಬುದನ್ನು ಅವಲಂಬಿಸಿದೆ.

ಈ ಲೆಕ್ಕವನ್ನು ಚೆನ್ನಾಗಿ ಅರಿತ ಊರೆಂದರೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಆಷ್‌ಕಾಷ್. ಹವ್ಯಾಸಿ ವಿಮಾನ ನಿರ್ಮಾಪಕರ ಸಂಘವೊಂದು 1953ರಲ್ಲಿ ಆರಂಭಿಸಿದ ವಾರ್ಷಿಕ ಸಮ್ಮೇಳನವು 1970ರಿಂದ ಈ ಊರಿನಲ್ಲಿ ನಡೆಯುತ್ತಿದೆ. ಒಂದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಈ ಊರಿಗೂ ಸುತ್ತಲ ನಿಲ್ದಾಣಗಳಿಗೂ ಆ ಒಂದು ವಾರದಲ್ಲಿ ಸುಮಾರು 10,000 ವಿಮಾನಗಳು ಬಂದಿಳಿಯುತ್ತವೆ. ಅನೇಕರು ತಮ್ಮ ವಿಮಾನದ ರೆಕ್ಕೆಯ ಕೆಳಗೇ ಗುಡಾರ ಹೂಡಿ ತಂಗುತ್ತಾರೆ. ಈ ಉತ್ಸವದಿಂದ ಸುತ್ತಲ ಐದು ಕೌಂಟಿಗಳಿಗೆ ಸುಮಾರು 17 ಕೋಟಿ ಡಾಲರ್‌ಗಳ ಆರ್ಥಿಕ ಲಾಭವಾಗುತ್ತದೆಂದು 2017ರ ಅಧ್ಯಯನವೊಂದು ಅಂದಾಜು ಮಾಡಿತ್ತು.

ಇಂತಹ ವೃತ್ತಾಂತಗಳನ್ನು ಓದಿದಾಗ ಚಿಕ್ಕಬಳ್ಳಾಪುರ ಜಿಲ್ಲೆಯ ವಾಣಿಜ್ಯೋದ್ಯಮಿಗಳ ಮನಸ್ಸು ಮಹಾಶಿವರಾತ್ರಿಯ ನಂದಿ ಜಾತ್ರೆಯತ್ತ ಹೊರಳುವುದು ಸಹಜ. ಭೋಗನಂದೀಶ್ವರನ ರಥೋತ್ಸವ, ಹಳ್ಳಿಕಾರ್ ಎತ್ತುಗಳ ಜೋಡಿಗಳು ಸಾಲುಗಟ್ಟುವ ದನಗಳ ಪರಿಷೆ, ಹಿನ್ನೆಲೆಯಲ್ಲಿ 1,478 ಮೀಟರ್ ಎತ್ತರದ ನಂದಿಬೆಟ್ಟ, ಇವೆಲ್ಲವೂ ಒಂದೇ ಕಡೆ ದೊರೆಯುವ ಸ್ಥಳಗಳು ವಿರಳ. ಬೆಂಗಳೂರಿನ ಜಕ್ಕೂರಿನಲ್ಲಿ 1948ರಷ್ಟು ಹಿಂದೆಯೇ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಸ್ಥಾಪನೆಯಾಗಿದೆ. ಯಲಹಂಕದ ವಾಯುನೆಲೆಯಲ್ಲಿ 1996ರಿಂದ ಏರೋ ಇಂಡಿಯಾ ಪ್ರದರ್ಶನ ನಡೆಯುತ್ತಿದೆ. ಹಂಪಿ ಉತ್ಸವ ಹಾಗೂ ಮೈಸೂರು ದಸರಾ ಸಂದರ್ಭಗಳಲ್ಲಿ ಹೆಲಿಕಾಪ್ಟರ್ ವಿಹಾರವು ಜನಪ್ರಿಯವಾಗಿದೆ. ಹೀಗಿರುವಾಗ ನಂದಿಗೂ ಒಂದು ಕಿರು ವಿಮಾನಪಟ್ಟಿ ಏಕೆ ಬೇಡ ಎಂಬ ಪ್ರಶ್ನೆ ನ್ಯಾಯವಾದದ್ದೇ ಆಗಿದೆ.

ಆದರೆ ವಸ್ತುಸ್ಥಿತಿಯನ್ನು ಪರಿಶೀಲಿಸುವುದು ಅಗತ್ಯ. ಜಿಲ್ಲೆಯಲ್ಲಿ ಸಾರ್ವಜನಿಕ ಬಳಕೆಯ ವಿಮಾನ ನಿಲ್ದಾಣವಿಲ್ಲ. ಖಾಸಗಿ ಪೈಲಟ್ ಪರವಾನಗಿ ಪಡೆಯಲು ಕನಿಷ್ಠ 17 ವರ್ಷ ವಯಸ್ಸು ಮತ್ತು 40 ಗಂಟೆಗಳ ಹಾರಾಟದ ಅನುಭವ ಬೇಕು. ಅಂತಹ ಪರವಾನಗಿ ಉಳ್ಳವರು ಗೆಳೆಯರನ್ನು ಕರೆದೊಯ್ಯಬಹುದೇ ಹೊರತು ಬಾಡಿಗೆ ಪಡೆದು ಹಾರಿಸುವಂತಿಲ್ಲ. ಹಾರಾಟಕ್ಕೆ ಮುನ್ನ ವಾಯು ಸಂಚಾರ ನಿಯಂತ್ರಣ ಮತ್ತು ವಾಯು ರಕ್ಷಣಾ ಅನುಮತಿಗಳ ವಿಧಿವಿಧಾನಗಳಿವೆ. 2008ರ ಮೇ ತಿಂಗಳಲ್ಲಿ ಆರಂಭವಾದ ದೇವನಹಳ್ಳಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ದಟ್ಟ ಸಂಚಾರವೂ ಸಮೀಪದಲ್ಲಿಯೇ ಇದೆ. ಆ ನಿಲ್ದಾಣದ ಒಪ್ಪಂದದಂತೆ, ಮೈಸೂರು ಮತ್ತು ಹಾಸನಗಳ ಹೊರತಾಗಿ, 150 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮತ್ತೊಂದು ನಾಗರಿಕ ವಿಮಾನ ನಿಲ್ದಾಣಕ್ಕೆ 2033ರವರೆಗೆ ಅಡ್ಡಿಯಿದೆ. ಈ ನಿರ್ಬಂಧವು ಹವ್ಯಾಸಿಗಳ ಕಿರುಪಟ್ಟಿಗೆ ಅನ್ವಯಿಸದು ಎಂದು ವಾದಿಸಿದರೂ, ದ್ರಾಕ್ಷಿ, ಹಿಪ್ಪುನೇರಳೆ, ಗುಲಾಬಿ ಬೆಳೆಯುವ ಭೂಮಿಯನ್ನು ವರ್ಷಕ್ಕೆ ಕೆಲವೇ ದಿನಗಳ ಬಳಕೆಗಾಗಿ ಕೇಳುವುದು ರೈತರಿಗೂ ವರ್ತಕರಿಗೂ ಹಿತವೆನಿಸದು.

ಇದಕ್ಕೆ ಪ್ರತಿವಾದವೂ ಉಂಟು. ಕ್ಯಾಪ್ಟನ್ ಗೋಪಿನಾಥ್ ಅವರು 1997ರಲ್ಲಿ ಡೆಕ್ಕನ್ ಏವಿಯೇಷನ್ ಹೆಲಿಕಾಪ್ಟರ್ ಸಂಸ್ಥೆಯನ್ನೂ 2003ರಲ್ಲಿ ಏರ್ ಡೆಕ್ಕನ್ ಅನ್ನೂ ಆರಂಭಿಸಿದಾಗ ಸಾಮಾನ್ಯ ಜನರು ವಿಮಾನವೇರುವರೇ ಎಂದು ಸಂದೇಹಿಸಿದವರು ಅನೇಕರು. ಮಾರ್ಗ ತೆರೆದ ಮೇಲೆ ಪ್ರಯಾಣಿಕರು ಬಂದರು. ಸೌಕರ್ಯವೇ ಬೇಡಿಕೆಯನ್ನು ಹುಟ್ಟಿಸುತ್ತದೆ ಎಂಬ ಈ ವಾದವನ್ನು ತಳ್ಳಿಹಾಕಲಾಗದು. ಆದರೆ ಅದು ಪ್ರಯಾಣದ ಬೇಡಿಕೆಯ ಮಾತು. ಬಂದಿಳಿದವರು ಸ್ಥಳೀಯ ಅಂಗಡಿಯಲ್ಲಿ ಹಣ ವ್ಯಯಿಸುವರೇ ಎಂಬುದು ಬೇರೆಯೇ ಪ್ರಶ್ನೆ.

ಆ ಪ್ರಶ್ನೆಗೆ ಕಿರು ವಿಮಾನದ ತೂಕದ ಲೆಕ್ಕವೇ ಉತ್ತರ ನೀಡುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಕಿರು ವಿಮಾನವಾದ ಸೆಸ್ನಾ 172ರಲ್ಲಿ ಪೈಲಟ್ ಸೇರಿ ನಾಲ್ಕು ಆಸನಗಳಿವೆ. ಜನ, ಇಂಧನ, ಸಾಮಾನು ಎಲ್ಲ ಸೇರಿ ಅದು ಹೊರಬಲ್ಲದ್ದು ಸುಮಾರು 400 ಕಿಲೋ ಮಾತ್ರ. ತಲಾ 75 ಕಿಲೋ ತೂಕದ ನಾಲ್ವರು ಕುಳಿತು, ಟ್ಯಾಂಕು ತುಂಬ ಸುಮಾರು 150 ಕಿಲೋ ಇಂಧನ ತುಂಬಿದರೆ ಮಿತಿ ಮೀರಿಯೇ ಹೋಗುತ್ತದೆ. ಅಂತಹ ಅತಿಥಿಗಳು ಜಾತ್ರೆಯಿಂದ ಒಂದು ಮೂಟೆ ಕಡಲೆಕಾಯಿಯನ್ನಾಗಲಿ, ಒಂದು ಬುಟ್ಟಿ ಟೊಮ್ಯಾಟೊವನ್ನಾಗಲಿ ಒಯ್ಯಲಾರರು. ಕಡಿಮೆ ತೂಕದ, ಹೆಚ್ಚು ಮೌಲ್ಯದ ಸರಕನ್ನು ಮಾತ್ರ ಕೊಳ್ಳಬಲ್ಲರು.

ಇಲ್ಲಿಯೇ ಜಿಲ್ಲೆಯ ವ್ಯಾಪಾರದ ಕೊರತೆ ಕಾಣುತ್ತದೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ದೇಶದ ಪ್ರಮುಖ ಮಾರುಕಟ್ಟೆಗಳಲ್ಲಿ ಒಂದು. ಆದರೆ ರೀಲರುಗಳು ಬಿಚ್ಚಿದ ನೂಲಿನ ಬಹುಭಾಗವು ಹೊರಗಿನ ಮಗ್ಗಗಳಿಗೆ ಸಾಗಿ, ಅಲ್ಲಿಯೇ ಸೀರೆಯಾಗಿ, ಅಲ್ಲಿನ ಹೆಸರಿನಲ್ಲಿಯೇ ಮಾರಾಟವಾಗುತ್ತದೆ. ಬೆಂಗಳೂರು ನೀಲಿ ದ್ರಾಕ್ಷಿ ಮತ್ತು ಬೆಂಗಳೂರು ಗುಲಾಬಿ ಈರುಳ್ಳಿಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದ್ದರೂ, ಈ ಜಿಲ್ಲೆಯಲ್ಲಿ ಬೆಳೆಯುವ ಆ ಫಸಲು ಬಹುಪಾಲು ಸಗಟು ಸರಕಾಗಿಯೇ ಹೊರಹೋಗುತ್ತದೆ. ಅರ್ಧ ಕಿಲೋ ತೂಕದ ರೇಷ್ಮೆ ಸೀರೆ, ನೂರು ಗ್ರಾಂ ತೂಕದ ಶಾಲು, ಅಚ್ಚುಕಟ್ಟಾಗಿ ಕಟ್ಟಿದ ಒಣದ್ರಾಕ್ಷಿ, ಹುರಿದ ಕಡಲೆಬೀಜ ಮುಂತಾದವುಗಳ ಮೇಲೆ 'ಶಿಡ್ಲಘಟ್ಟ', 'ಚಿಂತಾಮಣಿ', 'ಗೌರಿಬಿದನೂರು' ಎಂಬ ಹೆಸರು ಅಚ್ಚಾಗಿದ್ದರೆ ಆ ಹೆಸರಿಗೂ ಬೆಲೆ ಬರುತ್ತದೆ.

ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ, ಆಕಾಶಮಾರ್ಗದ ಅತಿಥಿಗಳು ಈಗಾಗಲೇ ಬಾಗಿಲಿಗೆ ಬಂದಿದ್ದಾರೆ. ನಂದಿಯಿಂದ ಸುಮಾರು 30 ಕಿಲೋಮೀಟರ್ ದೂರದ ದೇವನಹಳ್ಳಿಯಲ್ಲಿ ದಿನವೂ ಸಾವಿರಾರು ಪ್ರಯಾಣಿಕರು ಇಳಿಯುತ್ತಾರೆ. ದೇಶೀಯ ವಿಮಾನಗಳಲ್ಲಿ ಅವರು ಕೈಚೀಲದಲ್ಲಿ ಒಯ್ಯಬಹುದಾದ ತೂಕ ಸಾಮಾನ್ಯವಾಗಿ 7 ಕಿಲೋ. ಸೆಸ್ನಾದಲ್ಲಿ ಬರುವ ಗೆಳೆಯರಿಗೂ ಈ ಪ್ರಯಾಣಿಕರಿಗೂ ಬೇಕಾದ ಸರಕು ಒಂದೇ ಬಗೆಯದು. ಆದ್ದರಿಂದ ವಿಮಾನಪಟ್ಟಿಗಾಗಿ ಮನವಿ ಸಲ್ಲಿಸುವ ಮೊದಲು, ಇರುವ ನಿಲ್ದಾಣದ ಪ್ರಯಾಣಿಕರಿಗೆ ತಕ್ಕ ಸರಕನ್ನು ಸಿದ್ಧಪಡಿಸುವುದೇ ವಿವೇಕ. ಇಂದು ಇಲ್ಲಿ ಮಾರಾಟವಾಗದ ವಸ್ತು ನಾಳೆ ಪಟ್ಟಿ ಬಂದ ಮಾತ್ರಕ್ಕೆ ಮಾರಾಟವಾಗದು.

ಬೆಂಗಳೂರು ಬಸವನಗುಡಿಯ ಕಡಲೆಕಾಯಿ ಪರಿಷೆ ಇದಕ್ಕೆ ಒಳ್ಳೆಯ ನಿದರ್ಶನ. ಒಂದೇ ಬೆಳೆಯನ್ನು ನೆಪವಾಗಿಸಿಕೊಂಡ ಆ ಪರಿಷೆಗೆ ಕಾರ್ತಿಕ ಮಾಸದ ಕೊನೆಯ ಸೋಮವಾರ ಲಕ್ಷಾಂತರ ಜನರು ಸೇರುತ್ತಾರೆ. ಬಂದವರು ಕಡಲೆಕಾಯಿ ಕೊಳ್ಳದೆ ಮರಳುವುದು ಕಡಿಮೆ. ನಂದಿ ಜಾತ್ರೆಗೆ ಬರುವ ನಗರದ ಜನರಿಗೂ ಹಾಗೆಯೇ ಕೊಂಡೊಯ್ಯಲೇಬೇಕಾದ ಒಂದು ವಸ್ತು ಕಾಣುವಂತಾಗಬೇಕು.

ನೆಲದ ಮೇಲಿನ ವ್ಯವಸ್ಥೆಯನ್ನೂ ಕಡೆಗಣಿಸುವಂತಿಲ್ಲ. 2019ರ ಫೆಬ್ರವರಿಯ ಏರೋ ಇಂಡಿಯಾದಲ್ಲಿ ತಾಲೀಮಿನ ವೇಳೆ ಎರಡು ವಿಮಾನಗಳು ಡಿಕ್ಕಿಯಾಗಿ ಒಬ್ಬ ಪೈಲಟ್ ಮೃತಪಟ್ಟರು. ಅದೇ ವಾರ ವಾಹನ ನಿಲುಗಡೆಯ ಬಯಲಿಗೆ ಬೆಂಕಿ ಬಿದ್ದು ಸುಮಾರು 300 ಕಾರುಗಳು ಸುಟ್ಟುಹೋದವು. ಶಿವರಾತ್ರಿಯ ಹೊತ್ತಿಗೆ ಈ ಸೀಮೆಯ ಹುಲ್ಲೂ ಒಣಗಿರುತ್ತದೆ. ವಾಹನ ನಿಲುಗಡೆ, ಕುಡಿಯುವ ನೀರು, ಶೌಚಾಲಯ, ಅಗ್ನಿಶಾಮಕ ವ್ಯವಸ್ಥೆಗಳು ಸಮರ್ಪಕವಾಗಿಲ್ಲದ ಜಾತ್ರೆಗೆ ಒಮ್ಮೆ ಬಂದವರು ಮತ್ತೊಮ್ಮೆ ಬರಲಾರರು.

ಈ ನಿಟ್ಟಿನಲ್ಲಿ ನಾಲ್ಕೂ ಪಟ್ಟಣಗಳ ವರ್ತಕರು ಕೂಡಿ ಮುಂಬರುವ ಒಂದು ಶಿವರಾತ್ರಿಗೆ ಪ್ರಾಯೋಗಿಕ ಪ್ರಯತ್ನ ಮಾಡಬಹುದು. ಜಾತ್ರೆಯ ದಿನಾಂಕಗಳನ್ನು ಆರು ತಿಂಗಳು ಮೊದಲೇ ಪ್ರಕಟಿಸುವುದು. ದೇವಾಲಯದ ಆಡಳಿತ ಮತ್ತು ಜಿಲ್ಲಾಡಳಿತದ ಅನುಮತಿಯೊಡನೆ ಒಂದೇ ಮಳಿಗೆಯಲ್ಲಿ ಎಲ್ಲ ತಾಲ್ಲೂಕುಗಳ ಸರಕನ್ನು ನಿಗದಿತ ದರಕ್ಕೆ, ರಸೀದಿಯೊಡನೆ ಮಾರುವುದು. ಪ್ರತಿ ಪೊಟ್ಟಣದ ಮೇಲೆ ತೂಕವನ್ನು ಸ್ಪಷ್ಟವಾಗಿ ನಮೂದಿಸುವುದು. ಮೂರು ದಿನಗಳ ಮಾರಾಟದ ಲೆಕ್ಕವನ್ನು ಸದಸ್ಯರ ಮುಂದಿಡುವುದು. ಇದಕ್ಕೆ ತಗಲುವ ವೆಚ್ಚವನ್ನು ಹಲವರು ಹಂಚಿಕೊಂಡರೆ ಯಾರಿಗೂ ಹೊರೆಯಾಗದು. ನಷ್ಟವಾದರೂ ಅದು ಒಂದು ಮಳಿಗೆಯ ನಷ್ಟ. ಬಳಕೆಯಿಲ್ಲದೆ ಹುಲ್ಲು ಬೆಳೆಯುವ ವಿಮಾನಪಟ್ಟಿಯ ನಷ್ಟವಲ್ಲ.

ಬೆಂಗಳೂರು–ಚಿಕ್ಕಬಳ್ಳಾಪುರ ಲಘು ರೈಲುಮಾರ್ಗವು 1915ರಲ್ಲಿ ಒಂದು ಕಂಪನಿಯ ಉದ್ಯಮವಾಗಿ ಆರಂಭವಾಯಿತು. ಆ ಕಾಲದ ನಂದಿ ಹಾಲ್ಟ್ ನಿಲ್ದಾಣ ಇಂದಿಗೂ ಉಳಿದಿದೆ. ಸಾರಿಗೆಯ ಹೊಸ ಸಾಧನಕ್ಕೆ ಬಂಡವಾಳ ಹೂಡುವ ಧೈರ್ಯ ಈ ಸೀಮೆಗೆ ಹೊಸದಲ್ಲ. ಮಳಿಗೆಯ ಲೆಕ್ಕಪುಸ್ತಕವು ಎರಡು ಮೂರು ವರ್ಷ ಸತತವಾಗಿ ಲಾಭವನ್ನು ತೋರಿಸಿದಲ್ಲಿ ಹೆಲಿಕಾಪ್ಟರ್ ವಿಹಾರಕ್ಕಾಗಲಿ, ಕಿರುಪಟ್ಟಿಗಾಗಲಿ ಸರ್ಕಾರದ ಮುಂದೆ ಬೇಡಿಕೆಯಿಡಲು ವರ್ತಕರ ಕೈಯಲ್ಲಿ ಆಧಾರವಿರುತ್ತದೆ. ಆ ಆಧಾರವನ್ನು ಮೊದಲು ಸಂಪಾದಿಸುವುದು ಒಳಿತು.