ಕಡತದೊಳಗಿನ ಸಸಿಮಡಿ

ಸಕಲೇಶಪುರ, ಆಲೂರು ಸೀಮೆಯ ಬೆಳೆಗಾರರು ಕಾಫಿ ಬೀಜವನ್ನು ನೇರವಾಗಿ ತೋಟದಲ್ಲಿ ಬಿತ್ತುವುದಿಲ್ಲ. ಮೊದಲು ಸಸಿಮಡಿಯಲ್ಲಿ ಮೊಳೆಯಿಸಿ, ಬಲಿತ ಸಸಿಯನ್ನು ಮಳೆಗಾಲದಲ್ಲಿ ತೋಟಕ್ಕೆ ಒಯ್ಯುತ್ತಾರೆ. ಸಸಿಮಡಿಯಲ್ಲಿ ತಪ್ಪಿದರೆ ನಷ್ಟ ಅಲ್ಪ. ತೋಟದಲ್ಲಿ ತಪ್ಪಿದರೆ ವರ್ಷಗಳ ಶ್ರಮವೇ ವ್ಯರ್ಥ. ಕಂಪ್ಯೂಟರನ್ನು ಅಭ್ಯಾಸ ಮಾಡುವ ಈ ಸೀಮೆಯ ವಿದ್ಯಾರ್ಥಿಗಳಿಗೂ ಇಂಥದೊಂದು ಸಸಿಮಡಿ ಬೇಕೆಂಬುದು ನಮ್ಮ ಅಭಿಪ್ರಾಯ. ಕಲ್ಪಿತ ಡಿಸ್ಕ್ ಅಂಥದು.

ಡಿಸ್ಕ್ ಎಂದರೇನು? ತಿರುಗುವ ತಟ್ಟೆಯಾಗಿರಲಿ, ಚಿಪ್ ಆಗಿರಲಿ, ಕಂಪ್ಯೂಟರಿನ ದೃಷ್ಟಿಯಲ್ಲಿ ಅದು ಸಾಲಾಗಿ ಸಂಖ್ಯೆ ಹಾಕಿದ ಖಾನೆಗಳ ಸಮೂಹ. ಒಂದು ಖಾನೆಯಲ್ಲಿ ಸಾಮಾನ್ಯವಾಗಿ 512 ಇಲ್ಲವೆ 4096 ಬೈಟುಗಳು. 'ಇಂಥ ಖಾನೆಯನ್ನು ಓದು', 'ಇಂಥ ಖಾನೆಯಲ್ಲಿ ಬರೆ' ಎಂಬ ಅಪ್ಪಣೆಗಳನ್ನು ಪಾಲಿಸುವುದು ಯಾವುದಾದರೂ ಡಿಸ್ಕಿನ ಸ್ಥಾನದಲ್ಲಿ ನಿಲ್ಲಬಲ್ಲದು. ಹಾಗಿರುವಾಗ 10,48,57,600 ಬೈಟುಗಳ ಸಾಧಾರಣ ಕಡತವೊಂದನ್ನು 512 ಬೈಟುಗಳ 2,04,800 ಖಾನೆಗಳೆಂದು ಎಣಿಸಲು ಅಡ್ಡಿಯೇನು? ಲಿನಕ್ಸಿನಲ್ಲಿ 'ಲೂಪ್' ಸಾಧನವು ಮಾಡುವುದು ಇದನ್ನೇ. 2009ರಲ್ಲಿ ಬಂದ ವಿಂಡೋಸ್ 7ರಿಂದೀಚೆಗೆ ಅಲ್ಲಿಯೂ ಇಂಥ ಸೌಕರ್ಯವುಂಟು. ಕಡತವನ್ನು ಫಾರ್ಮ್ಯಾಟ್ ಮಾಡಿ, ಖಾಲಿ ಫೋಲ್ಡರೊಂದಕ್ಕೆ ಜೋಡಿಸಿದರೆ ಹೊಸ ಡಿಸ್ಕೊಂದು ಸಿದ್ಧವಾದಂತೆಯೇ ಸರಿ. ಈ ಜೋಡಣೆಗೆ 'ಮೌಂಟ್' ಎಂದು ಹೆಸರು. ಟೇಪಿನ ಸುರುಳಿಗಳನ್ನು ಕೈಯಿಂದಲೇ ಯಂತ್ರಕ್ಕೆ ಏರಿಸುತ್ತಿದ್ದ ಕಾಲದ ನೆನಪು ಆ ಮಾತಿನಲ್ಲಿ ಉಳಿದಿದೆ.

ಡಿಸ್ಕನ್ನು ಕಡತದಲ್ಲಿಯೇ ಏಕೆ, ಕಂಪ್ಯೂಟರಿನ ಮೆಮೊರಿಯಲ್ಲಿಯೂ ಕಲ್ಪಿಸಬಹುದು. ಅದರ ವೇಗ ಬಹಳ ಹೆಚ್ಚು. ಆದರೆ ಆಯುಷ್ಯ ವಿದ್ಯುತ್ತಿನ ಕೈಯಲ್ಲಿದೆ. ಮುಂಗಾರಿನ ಗಾಳಿಗೆ ಮರ ಉರುಳಿ ತಂತಿ ಹರಿದು ದೀಪ ಆರುವುದು ಮಲೆನಾಡಿನವರಿಗೆ ಹೊಸತಲ್ಲ. ಬ್ಯಾಟರಿಯ ಆಸರೆಯಿಲ್ಲದ ಕಂಪ್ಯೂಟರಿನಲ್ಲಿ ಆ ಕ್ಷಣವೇ ಮೆಮೊರಿಯ ಡಿಸ್ಕು ಬರೆದುದೆಲ್ಲದರೊಡನೆ ಮಾಯವಾಗುತ್ತದೆ. ಕಡತದ ಡಿಸ್ಕು ಉಳಿದೀತು. ಆದರೆ ಬರೆದುದರಲ್ಲಿ ಕೊನೆಯ ಭಾಗ ಇನ್ನೂ ಮೆಮೊರಿಯಲ್ಲಿಯೇ ಇದ್ದಿದ್ದರೆ ಅಷ್ಟು ನಷ್ಟವಾದೀತು. ಆದುದರಿಂದಲೇ ಕೆಲಸ ಮುಗಿದೊಡನೆ ಡಿಸ್ಕನ್ನು ಕ್ರಮವಾಗಿ ಬಿಚ್ಚತಕ್ಕದ್ದು.

ಇದು ಬರಿಯ ಆಟವೆಂದು ಕೆಲವರು ಆಕ್ಷೇಪಿಸಬಹುದು. ನಾವು ಒಪ್ಪುವುದಿಲ್ಲ. ಕಲ್ಪಿತ ಡಿಸ್ಕಿನ ಮೇಲೆ ರಚಿಸುವ ಕಡತ-ವ್ಯವಸ್ಥೆಯು ಕಲ್ಪಿತವಲ್ಲ. ಅದರ ನಿಯಮಗಳೂ ದೋಷಗಳೂ ದುರಸ್ತಿಯ ಕ್ರಮವೂ ನಿಜವಾದ ಡಿಸ್ಕಿನಲ್ಲಿ ಇರುವಂಥವೇ. ಯಂತ್ರ ಕೆಟ್ಟೀತೆಂಬ ಭಯದಿಂದ ಡಿಸ್ಕನ್ನು ಮುಟ್ಟಗೊಡದೆ, ಅದರ ವಿವರಣೆಯನ್ನು ಟಿಪ್ಪಣಿಯಲ್ಲಿ ಬರೆಯಿಸಿ ತೃಪ್ತಿಪಡುವ ಪಾಠವು ಈಜನ್ನು ದಡದಲ್ಲಿ ಕಲಿಸಿದಂತೆ. ಲಿನಕ್ಸಿನಲ್ಲಿ ಕಡತವನ್ನು ಫಾರ್ಮ್ಯಾಟ್ ಮಾಡಲು ಸಾಮಾನ್ಯ ಬಳಕೆದಾರನ ಅಧಿಕಾರವೇ ಸಾಕು. ಹೆಸರು ತಪ್ಪಿ ನಿಜವಾದ ಡಿಸ್ಕನ್ನು ಸೂಚಿಸಿದರೂ ಆ ಅಧಿಕಾರದಿಂದ ಅದನ್ನು ಅಳಿಸಲಾಗದು. ಮೌಂಟ್ ಮಾಡಲು ಸಾಮಾನ್ಯವಾಗಿ ಮೇಲಧಿಕಾರ ಬೇಕು; ಆಗ ಉಪಾಧ್ಯಾಯರು ಪಕ್ಕದಲ್ಲಿರಲಿ.

ಒಂದು ಎಚ್ಚರಿಕೆ: ಕಡತದ ಡಿಸ್ಕು ನಿಜವಾದ ಡಿಸ್ಕಿನ ಮೇಲೆಯೇ ಕುಳಿತಿದೆ. ಆಧಾರ ಕೆಟ್ಟರೆ ಅದೂ ಕೆಡುತ್ತದೆ. ಮುಖ್ಯವಾದುದರ ಪ್ರತಿಯೊಂದನ್ನು ಬೇರೆ ಕಡೆ ಇಡುವುದನ್ನು ಮರೆಯಬಾರದು.

ಇದಕ್ಕೆ ಹೊಸ ಯಂತ್ರವನ್ನು ಕೊಳ್ಳಬೇಕಾಗಿಲ್ಲ. ಶಾಲೆಯಲ್ಲಿರುವ ಹಳೆಯ ಕಂಪ್ಯೂಟರೂ ಸಾಕು. ಬೇಕಾದುದು ವಿದ್ಯಾರ್ಥಿಯು ನಿರ್ಭಯವಾಗಿ ತಪ್ಪು ಮಾಡಿ, ಆ ತಪ್ಪನ್ನು ತಾನೇ ತಿದ್ದಿಕೊಳ್ಳಲು ಅವಕಾಶ. ಅಂಥ ಸಸಿಮಡಿಯಲ್ಲಿ ಬೆಳೆದವನು ನಾಳೆ ತೋಟವನ್ನೂ ಕಾಯಬಲ್ಲನು.