ಎರವಲು ಜಡೆ, ಸ್ವಂತ ಬೇರು

ಶರೀರವನ್ನು ಇಷ್ಟಲಿಂಗದ ನೆಲೆಯೆಂದು ಗೌರವಿಸುವ ಪರಂಪರೆಯಲ್ಲಿ ಬೆಳೆದ ನಮಗೆ ಅದರ ಯಾವ ಅಂಗದ ಆರೋಗ್ಯವೂ ಕ್ಷುಲ್ಲಕವಲ್ಲ. ಆದರೂ ತಲೆಗೂದಲಿನ ವಿಷಯ ಬಂದಾಗ ನಾವು ಎರಡು ಅತಿರೇಕಗಳ ನಡುವೆ ಸಿಲುಕುತ್ತೇವೆ. ಕೂದಲು ಉದುರುತ್ತಿದೆ ಎಂದು ಹೆಣ್ಣುಮಗಳೊಬ್ಬಳು ಹೇಳಿಕೊಂಡರೆ, ಅದು ಬಾಹ್ಯ ಸೌಂದರ್ಯದ ಮಾತು, ಅದಕ್ಕೇಕೆ ಚಿಂತೆ ಎಂದು ಹಿರಿಯರು ತಳ್ಳಿಹಾಕುತ್ತಾರೆ. ಅದೇ ಮನೆಯಲ್ಲಿ ಮದುವೆಯ ಮಾತುಕತೆ ಆರಂಭವಾದೊಡನೆ, ಹುಡುಗಿಯ ಜಡೆ ಇಷ್ಟು ಸಣ್ಣದೇಕೆ ಎಂಬ ಪ್ರಶ್ನೆಯೂ ಹುಟ್ಟುತ್ತದೆ. ಈ ಎರಡು ಮಾತುಗಳ ನಡುವೆ ನಿಂತ ಹೆಣ್ಣುಮಗಳು ವೈದ್ಯರ ಬಳಿಗೆ ಹೋಗುವ ಬದಲು ನೇರವಾಗಿ ಬ್ಯೂಟಿ ಪಾರ್ಲರಿನ ಬಾಗಿಲು ತಟ್ಟಿದರೆ ಆಶ್ಚರ್ಯವೇನು?

ಇಂದು ಯಲಹಂಕ ಉಪನಗರ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರ ಮುಂತಾದ ಉತ್ತರ ಬೆಂಗಳೂರಿನ ಬಡಾವಣೆಗಳಲ್ಲಿ ಹೇರ್ ಎಕ್ಸ್‌ಟೆನ್ಷನ್ ಎಂಬ ಹೆಸರು ಅಪರಿಚಿತವಲ್ಲ. ತೆಳುವಾದ ಕೂದಲಿಗೆ ಬೇರೆ ಕೂದಲನ್ನು ಜೋಡಿಸಿ ದಟ್ಟವಾಗಿ, ಉದ್ದವಾಗಿ ಕಾಣುವಂತೆ ಮಾಡುವ ವಿಧಾನವಿದು. ಮದುವೆಯ ತಿಂಗಳುಗಳಲ್ಲಂತೂ ಇದಕ್ಕೆ ಬೇಡಿಕೆ ಹೆಚ್ಚು. ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಮೊದಲೇ ಸ್ಪಷ್ಟಪಡಿಸುತ್ತೇವೆ. ಎರವಲು ಕೂದಲನ್ನು ಧರಿಸುವುದು ದೋಷವಲ್ಲ. ಉದುರುವಿಕೆಯ ಕಾರಣವನ್ನು ತಿಳಿಯದೆ ಅದನ್ನು ಮುಚ್ಚುವುದು ಮತ್ತು ಬಳಲಿದ ಬೇರಿನ ಮೇಲೆ ಅದು ತಾಳಲಾರದ ಭಾರವನ್ನು ಹೊರಿಸುವುದು, ಇವೆರಡೇ ದೋಷಗಳು.

ಕೂದಲನ್ನು ಕೂಡಿಸಿಕೊಳ್ಳುವುದು ನಮಗೆ ಹೊಸದೂ ಅಲ್ಲ. ನಮ್ಮ ಅಜ್ಜಿಯರ ಪೆಟ್ಟಿಗೆಗಳಲ್ಲಿ ಚೌರಿ ಇರುತ್ತಿತ್ತು. ಮದುವಣಗಿತ್ತಿಯ ಮೊಗ್ಗಿನ ಜಡೆಗೆ ಚೌರಿಯ ಆಧಾರ ಬೇಕೇ ಬೇಕಿತ್ತು. ಇನ್ನು ಕೇಶವನ್ನೇ ವಸ್ತ್ರವಾಗಿಸಿಕೊಂಡ ಅಕ್ಕಮಹಾದೇವಿಯವರ ರೂಪ ನಮ್ಮ ಕಣ್ಣ ಮುಂದಿದೆ. ಅವರು ಅನುಭವಮಂಟಪಕ್ಕೆ ಬಂದಾಗ ಅಲ್ಲಮಪ್ರಭುಗಳು ಆ ಕೇಶದ ಮರೆಯನ್ನೇ ಕುರಿತು ಪ್ರಶ್ನಿಸಿದ ಪ್ರಸಂಗವನ್ನು ಶೂನ್ಯಸಂಪಾದನೆ ನಿರೂಪಿಸುತ್ತದೆ. ಅಲ್ಲಿ ಅಳೆದದ್ದು ಕೂದಲಿನ ಉದ್ದವನ್ನಲ್ಲ, ಅದರ ಹಿಂದಿನ ಭಾವವನ್ನು. ಆ ಮಾದರಿಯನ್ನು ಒಪ್ಪಿದ ಸಮಾಜದಲ್ಲಿ ಹೆಣ್ಣಿನ ಯೋಗ್ಯತೆಯನ್ನು ಜಡೆಯ ಗಾತ್ರದಿಂದ ಅಳೆಯುವುದು ಸಲ್ಲದು.

ಮೊದಲು ಕಾರಣ, ಅನಂತರ ಅಲಂಕಾರ

ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ದಿನಕ್ಕೆ 50ರಿಂದ 100 ಎಳೆಗಳು ಉದುರುವುದು ಸಹಜ. ಒಂದು ಎಳೆ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್‌ನಂತೆ ಕೆಲವು ವರ್ಷ ಬೆಳೆದು, ಎರಡು ಮೂರು ತಿಂಗಳು ವಿಶ್ರಮಿಸಿ, ಉದುರಿ, ಹೊಸ ಎಳೆಗೆ ಸ್ಥಳ ಬಿಡುತ್ತದೆ. ಡೆಂಗಿ, ಟೈಫಾಯ್ಡ್‌ನಂತಹ ಜ್ವರ, ಹೆರಿಗೆ, ದೊಡ್ಡ ಶಸ್ತ್ರಚಿಕಿತ್ಸೆ, ಅತಿಯಾದ ಪಥ್ಯ, ತೀವ್ರ ಮಾನಸಿಕ ಆಘಾತ ಇವುಗಳ ನಂತರ ಅನೇಕ ಎಳೆಗಳು ಒಮ್ಮೆಲೇ ವಿಶ್ರಾಂತಿಗೆ ತೆರಳುತ್ತವೆ. ಆದ್ದರಿಂದ ಜ್ವರ ಬಂದು ಹೋದ ಎರಡು ಮೂರು ತಿಂಗಳ ಮೇಲೆ ಬಾಚಣಿಗೆಯ ತುಂಬ ಕೂದಲು ಕಾಣುತ್ತದೆ. ಇದು ಬಹುಮಟ್ಟಿಗೆ ತಾನಾಗಿಯೇ ಸರಿಹೋಗುವ ಸ್ಥಿತಿ. ಅಂತಹ ಸಮಯದಲ್ಲಿ ಭಯಪಟ್ಟು ಭಾರವಾದ ಜೋಡಣೆ ಮಾಡಿಸಿದರೆ ಚಿಗುರುತ್ತಿರುವ ಎಳೆಗಳಿಗೇ ಪೆಟ್ಟು ಬೀಳುತ್ತದೆ.

ಎಲ್ಲ ಉದುರುವಿಕೆಯೂ ಹೀಗೆ ತಾನಾಗಿ ನಿಲ್ಲುವುದಿಲ್ಲ. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ಏರುಪೇರು, ಪಿಸಿಒಎಸ್, ಬೈತಲೆಯು ವರ್ಷದಿಂದ ವರ್ಷಕ್ಕೆ ಅಗಲವಾಗುವ ಅನುವಂಶೀಯ ತೆಳುವಾಗುವಿಕೆ, ಇವುಗಳಿಗೆ ಚಿಕಿತ್ಸೆ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇ. 48ರಷ್ಟು ಮಂದಿ ರಕ್ತಹೀನತೆಯುಳ್ಳವರು. ಅಂದರೆ ತೆಳುವಾದ ಜಡೆಯ ಹಿಂದೆ ದಣಿದ ದೇಹವೊಂದು ಇರುವ ಸಾಧ್ಯತೆ ಕಡಿಮೆಯೇನಲ್ಲ. ಅದನ್ನು ಎರವಲು ಕೂದಲಿನಿಂದ ಮುಚ್ಚಿದರೆ ಕನ್ನಡಿ ಸುಮ್ಮನಾಗುತ್ತದೆ, ದೇಹ ಸುಮ್ಮನಾಗುವುದಿಲ್ಲ.

ಉತ್ತರ ಬೆಂಗಳೂರಿನ ನಿವಾಸಿಗಳು ಸಾಮಾನ್ಯವಾಗಿ ಎಲ್ಲದಕ್ಕೂ ಕೊಳವೆಬಾವಿಯ ಗಡಸು ನೀರನ್ನು ದೂರುತ್ತಾರೆ. ನಗರದ ಹೊರವಲಯದ 110 ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿ 5ನೇ ಹಂತವು 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದರೂ ಕೊಳವೆಬಾವಿಯನ್ನು ನೆಚ್ಚಿದ ಮನೆಗಳು ಇನ್ನೂ ಇವೆ. ಗಡಸು ನೀರಿನಿಂದ ಎಳೆ ಒರಟಾಗಬಹುದು, ಸಿಕ್ಕಾಗಬಹುದು, ತುಂಡಾಗಬಹುದು. ಆದರೆ ಕೂದಲು ಬೇರುಸಹಿತ ಉದುರುವುದಕ್ಕೆ ನೀರೇ ಕಾರಣವೆಂದು ತೀರ್ಮಾನಿಸಿ ರಕ್ತಪರೀಕ್ಷೆಯನ್ನು ಕೈಬಿಡಬಾರದು. ಉದುರಿದ ಎಳೆಯ ತುದಿಯಲ್ಲಿ ಸಣ್ಣ ಬಿಳಿಯ ಗಂಟು ಕಂಡರೆ ಅದು ಬೇರಿನಿಂದ ಬಂದದ್ದು. ಗಂಟಿಲ್ಲದ ಗಿಡ್ಡ ತುಂಡುಗಳಾದರೆ ಅದು ನಡುವೆ ಮುರಿದದ್ದು. ಈ ಸರಳ ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಿ ವೈದ್ಯರಿಗೆ ತಿಳಿಸಬಹುದು. ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ, ಮತ್ತಿಕೆರೆಯ ಎಂ.ಎಸ್. ರಾಮಯ್ಯ ಆಸ್ಪತ್ರೆ ಮುಂತಾದವು ಈ ಭಾಗದ ಭಕ್ತರಿಗೆ ಸಮೀಪದಲ್ಲಿಯೇ ಇವೆ. ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್, ಬಿ12 ಇವುಗಳಲ್ಲಿ ಯಾವ ಪರೀಕ್ಷೆ ಅಗತ್ಯವೆಂದು ವೈದ್ಯರು ನಿರ್ಧರಿಸಲಿ. ಜಾಹೀರಾತು ನೋಡಿ ಬಯೋಟಿನ್ ಗುಳಿಗೆ ಸೇವಿಸುತ್ತಿರುವವರು ಅದನ್ನು ತಪ್ಪದೆ ತಿಳಿಸಬೇಕು. ಅದು ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಲ್ಲದು.

ಶಾಕಾಹಾರಿಗಳಾದ ನಾವು ಕಬ್ಬಿಣಾಂಶದ ಕಡೆಗೆ ವಿಶೇಷ ಗಮನ ಕೊಡಬೇಕು. ಹುರುಳಿ, ಕಡಲೆ, ಎಳ್ಳು, ಸೊಪ್ಪು ಇವುಗಳನ್ನು ನಿಂಬೆರಸದೊಡನೆ ಸೇವಿಸಿದರೆ ಕಬ್ಬಿಣಾಂಶ ಚೆನ್ನಾಗಿ ಹೀರಲ್ಪಡುತ್ತದೆ. ಊಟದ ಬೆನ್ನಿಗೇ ಕುಡಿಯುವ ಕಾಫಿ, ಚಹಾ ಅದಕ್ಕೆ ಅಡ್ಡಿ. ಬಿ12ಗಾಗಿ ಹಾಲು, ಮೊಸರು ನಿತ್ಯದ ಊಟದಲ್ಲಿರಲಿ. ಕೂದಲು ಬಹುಮಟ್ಟಿಗೆ ಕೆರಾಟಿನ್ ಎಂಬ ಪ್ರೋಟೀನಿನಿಂದಲೇ ಆದುದರಿಂದ ಬೇಳೆಕಾಳುಗಳ ಪ್ರಮಾಣವನ್ನು ಕಡಿಮೆ ಮಾಡಬಾರದು.

ಆಯ್ಕೆಯಲ್ಲಿ ವಿವೇಕ

ಕಾರಣ ತಿಳಿದು, ಚಿಕಿತ್ಸೆಯೂ ನಡೆಯುತ್ತಿದೆ ಎಂದಿಟ್ಟುಕೊಳ್ಳೋಣ. ಮಗಳ ಮದುವೆ ಮುಂದಿನ ತಿಂಗಳಿದೆ. ಆಗ ಎರವಲು ಕೂದಲನ್ನು ಧರಿಸಬಹುದೇ? ಧರಿಸಬಹುದು. ಆದರೆ ಯಾವುದನ್ನು ಧರಿಸಬೇಕೆಂಬುದು ಮುಖ್ಯ.

ಪಾರ್ಲರುಗಳಲ್ಲಿ ದೊರೆಯುವ ವಿಧಾನಗಳನ್ನು ಎರಡು ಗುಂಪುಗಳಾಗಿ ನೋಡಬಹುದು. ಮೊದಲನೆಯದು ಅದೇ ದಿನ ಧರಿಸಿ ಅದೇ ದಿನ ತೆಗೆಯುವಂಥದ್ದು: ಕ್ಲಿಪ್ಪಿನ ಎಸಳುಗಳು, ನೆತ್ತಿಯ ಮೇಲೆ ಕೂರುವ ಟಾಪರ್, ಸೂಕ್ಷ್ಮ ತಂತಿಯ ಆಧಾರದಿಂದ ತಲೆಯ ಸುತ್ತ ನಿಲ್ಲುವ ಹೇಲೋ, ನಮ್ಮ ಚೌರಿ. ಎರಡನೆಯದು ವಾರಗಟ್ಟಲೆ ತಲೆಯಲ್ಲಿಯೇ ಉಳಿಯುವಂಥದ್ದು: ಅಂಟು ಟೇಪ್, ಬಿಸಿ ಮಾಡಿ ಅಂಟಿಸುವ ಕೆರಾಟಿನ್ ಬಾಂಡ್, ಸಣ್ಣ ಲೋಹದ ಉಂಗುರ, ಬಿಗಿಯಾದ ಹೆಣಿಗೆಗೆ ಹೊಲಿಯುವ ವೀವ್. ತೆಳುವಾದ, ಸುಲಭವಾಗಿ ಮುರಿಯುವ ಕೂದಲಿನವರಿಗೆ ನಮ್ಮ ಸಲಹೆ ಮೊದಲನೆಯ ಗುಂಪು ಮಾತ್ರ. ಎರಡನೆಯ ಗುಂಪಿನಲ್ಲಿ ಬೆರಳೆಣಿಕೆಯ ಸ್ವಂತ ಎಳೆಗಳು ತಮಗಿಂತ ಭಾರವಾದ ಎಸಳನ್ನು ಹಗಲಿರುಳು ಹೊತ್ತು ತೂಗುತ್ತವೆ. ಮಲಗಿದಾಗಲೂ ಆ ಎಳೆತಕ್ಕೆ ಬಿಡುವಿಲ್ಲ.

ಈ ನಿರಂತರ ಎಳೆತದಿಂದ ಉಂಟಾಗುವ ಕೂದಲುದುರುವಿಕೆಯನ್ನು ವೈದ್ಯರು ಟ್ರ್ಯಾಕ್ಷನ್ ಅಲೋಪೇಶಿಯಾ ಎನ್ನುತ್ತಾರೆ. ಹಣೆಯ ಅಂಚು, ಕಿವಿಯ ಮುಂಭಾಗ ಮೊದಲು ಬರಿದಾಗುತ್ತವೆ. ಆರಂಭದಲ್ಲಿಯೇ ಎಳೆತವನ್ನು ನಿಲ್ಲಿಸಿದರೆ ಕೂದಲು ಮರಳಿ ಬರುತ್ತದೆ. ವರ್ಷಗಟ್ಟಲೆ ಮುಂದುವರಿಸಿದರೆ ಬೇರಿನ ಸ್ಥಳದಲ್ಲಿ ಗಾಯದ ಕಲೆ ಉಳಿದು ಅಲ್ಲಿ ಮತ್ತೆ ಕೂದಲು ಹುಟ್ಟುವುದಿಲ್ಲ. ಹತ್ತು ದಿನದ ಶೋಭೆಗಾಗಿ ಜೀವನಪರ್ಯಂತದ ಬೋಳನ್ನು ಕೊಂಡುಕೊಳ್ಳುವ ವ್ಯಾಪಾರವಿದು.

ಕೊಳ್ಳುವಾಗ ತೂಕವನ್ನು ಕೇಳಿರಿ. ಕ್ಲಿಪ್ಪಿನ ಪೂರ್ಣ ಸೆಟ್ಟು 100ರಿಂದ 200 ಗ್ರಾಂ ತೂಗುವುದುಂಟು. ತೆಳುವಾದ ಕೂದಲಿಗೆ ಪೂರ್ಣ ಸೆಟ್ಟಿನ ಅಗತ್ಯವಿಲ್ಲ. ಎರಡು ಮೂರು ಹಗುರವಾದ ಎಸಳು ಸಾಕು. ಸೊಂಟದವರೆಗಿನ ಉದ್ದಕ್ಕಿಂತ ಭುಜದ ಕೆಳಗಿನ ಉದ್ದ ಒಳಿತು, ಏಕೆಂದರೆ ಉದ್ದ ಹೆಚ್ಚಿದಂತೆ ಭಾರವೂ ಹೆಚ್ಚುತ್ತದೆ. ಕ್ಲಿಪ್ಪಿನ ಒಳಬದಿಯಲ್ಲಿ ಮೃದುವಾದ ಸಿಲಿಕೋನ್ ಪಟ್ಟಿಯಿರಲಿ. ಬೈತಲೆಯ ಪಕ್ಕದಲ್ಲಿ, ಹಣೆಯ ಅಂಚಿನಲ್ಲಿ, ಕತ್ತಿನ ಎಳೆಗೂದಲಿನಲ್ಲಿ ಕ್ಲಿಪ್ಪು ಹಾಕಬಾರದು. ದಟ್ಟವಾಗಿರುವ ಹಿಂಭಾಗದಲ್ಲಿ ಮಾತ್ರ ಹಾಕಬೇಕು. ಹಿಡಿತಕ್ಕಾಗಿ ಕೂದಲನ್ನು ಬುಡದ ಕಡೆಗೆ ಹಿಮ್ಮುಖವಾಗಿ ಬಾಚುವ ಪದ್ಧತಿಯನ್ನು ಬೇಡವೆನ್ನಿರಿ. ನೆತ್ತಿಯೇ ತೆಳುವಾಗಿದ್ದರೆ ಉದ್ದನೆಯ ಎಸಳುಗಳು ಅದನ್ನು ಮರೆಮಾಡುವುದಿಲ್ಲ, ಇನ್ನಷ್ಟು ಎತ್ತಿ ತೋರಿಸುತ್ತವೆ. ಅಂಥವರಿಗೆ ಹಗುರವಾದ ಟಾಪರ್ ಸೂಕ್ತ. ಕೂದಲು ಬಿಲ್ಲೆ ಬಿಲ್ಲೆಯಾಗಿ ಉದುರಿದ್ದರೆ, ನೆತ್ತಿಯಲ್ಲಿ ಹುಣ್ಣು ಅಥವಾ ಉರಿಯಿದ್ದರೆ ಯಾವ ಜೋಡಣೆಯೂ ಬೇಡ. ವೈದ್ಯರನ್ನು ಕಂಡು, ಅಗತ್ಯವಿದ್ದರೆ ಸಡಿಲವಾದ ಪೂರ್ಣ ವಿಗ್ ಧರಿಸುವುದು ಲೇಸು.

ಧರಿಸುವ ದಿನದ ಎಚ್ಚರ

ಬೆಳಗಿನ ಲಿಂಗಪೂಜೆಗೆ ಮುನ್ನ ತಲೆಸ್ನಾನ ಮಾಡಿ, ಒದ್ದೆಗೂದಲನ್ನೇ ಬಿಗಿದು ಕಟ್ಟುವ ಅಭ್ಯಾಸ ನಮ್ಮ ಅನೇಕ ಮನೆಗಳಲ್ಲಿದೆ. ಒದ್ದೆಯಾದ ಎಳೆ ಅತ್ಯಂತ ದುರ್ಬಲ. ಅದನ್ನು ಪೂರ್ಣವಾಗಿ ಒಣಗಿಸಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ, ಆಮೇಲೆ ಮಾತ್ರ ಎಸಳನ್ನು ಜೋಡಿಸಬೇಕು. ಮದುವೆಯ ದಿನ ಎಸಳಿನ ಮೇಲೆ ಮೊಗ್ಗಿನ ಜಡೆಯ ಭಾರವೂ ಸೇರುತ್ತದೆ ಎಂಬುದನ್ನು ಮರೆಯಬಾರದು. ಹೂವಿನ ಜಡೆಯನ್ನು ಹಗುರವಾಗಿ ಕಟ್ಟಿಸಿ, ಧಾರೆ ಮುಗಿದೊಡನೆ ಬಿಚ್ಚಿ, ಆರತಕ್ಷತೆಗೆ ಸರಳ ಕೇಶಾಲಂಕಾರ ಮಾಡಿಸಿದರೆ ಬೇರಿಗೆ ಬಿಡುವು ಸಿಗುತ್ತದೆ.

ಕೃತಕ ನಾರಿನ ಕೂದಲು ಬೆಂಕಿಯ ಸಮೀಪ ಬೇಗನೆ ಕರಗುತ್ತದೆ. ದೀಪ ಬೆಳಗುವಾಗ, ಮಂಗಳಾರತಿಗೆ ಬಾಗುವಾಗ, ಒಲೆಯ ಮುಂದೆ ನಿಂತಾಗ ಅದನ್ನು ಹಿಂದಕ್ಕೆ ಕಟ್ಟಿಕೊಂಡಿರಬೇಕು. ಬಳ್ಳಾರಿ ರಸ್ತೆಯಲ್ಲಿ ದ್ವಿಚಕ್ರ ವಾಹನದಲ್ಲಿ ಸಂಚರಿಸುವ ಉದ್ಯೋಗಸ್ಥ ಹೆಣ್ಣುಮಕ್ಕಳಿಗೆ ಒಂದು ಮಾತು: ಕ್ಲಿಪ್ಪುಗಳ ಮೇಲೆ ಹೆಲ್ಮೆಟ್ ಧರಿಸಿದರೆ ಅವು ನೆತ್ತಿಯನ್ನು ಒತ್ತುತ್ತವೆ, ಹೆಲ್ಮೆಟ್ ಸರಿಯಾಗಿ ಕೂರುವುದೂ ಇಲ್ಲ. ಬಿಡಬೇಕಾದದ್ದು ಕ್ಲಿಪ್ಪನ್ನು, ಹೆಲ್ಮೆಟ್ಟನ್ನಲ್ಲ. ಎಸಳನ್ನು ಚೀಲದಲ್ಲಿಟ್ಟುಕೊಂಡು ತಲುಪಿದ ಮೇಲೆ ಧರಿಸಬಹುದು.

ಮಲಗುವ ಮುನ್ನ ತೆಗೆಯಲೇಬೇಕು. ನೋವು, ಬಿಗಿತ, ಬೇರಿನ ಸುತ್ತ ಸಣ್ಣ ಗುಳ್ಳೆ, ಕೆಂಪು, ತುರಿಕೆ ಕಂಡರೆ ಅಂದೇ ನಿಲ್ಲಿಸಬೇಕು. ಸುಂದರವಾಗಿ ಕಾಣಲು ಸ್ವಲ್ಪ ನೋವು ಸಹಿಸಬೇಕೆಂಬ ಪಾರ್ಲರಿನ ಮಾತನ್ನು ಒಪ್ಪಬೇಡಿ. ನೋವು ಎಂದರೆ ಬೇರು ಎಳೆಯಲ್ಪಡುತ್ತಿದೆ ಎಂದೇ ಅರ್ಥ.

ಆ ಕೂದಲು ಯಾರದು?

ಎರವಲು ಕೂದಲಿಗೂ ಒಂದು ಮೂಲವಿದೆ. ತಿರುಮಲದಲ್ಲಿ ಅರ್ಪಿತವಾದ ಮುಡಿಯನ್ನು ಅಲ್ಲಿನ ದೇವಸ್ಥಾನವು ಇ-ಹರಾಜಿನಲ್ಲಿ ಮಾರುತ್ತದೆ. ಬುಡದಿಂದ ತುದಿಯವರೆಗೆ ಎಲ್ಲ ಎಳೆಗಳೂ ಒಂದೇ ದಿಕ್ಕಿನಲ್ಲಿರುವಂತೆ ಜೋಡಿಸಿದ ಕೂದಲನ್ನು ಮಾರುಕಟ್ಟೆಯಲ್ಲಿ ರೆಮಿ ಎನ್ನುತ್ತಾರೆ. ಅದು ಸಿಕ್ಕಾಗುವುದು ಕಡಿಮೆ, ಬೆಲೆ ಹೆಚ್ಚು. ಮತ್ತೊಂದು ಮೂಲ ನಮ್ಮ ಮನೆಯ ಬಾಚಣಿಗೆಯೇ. ಬೀದಿಯಲ್ಲಿ ಕೂಗುತ್ತ ಬರುವವರು ಪಾತ್ರೆ, ಪಿನ್ನುಗಳನ್ನು ಕೊಟ್ಟು ಒಯ್ಯುವ ಉದುರುಗೂದಲು ವ್ಯಾಪಾರಿಗಳ ಮೂಲಕ ಸಂಸ್ಕರಣಾ ಘಟಕಗಳನ್ನು ಸೇರುತ್ತದೆ.

ಗವಿಮಠದ ಜಾತ್ರೆಗೆ ಕೊಪ್ಪಳಕ್ಕೆ ಹೋಗಿಬರುವ ಭಕ್ತರಿಗೆ ಅದರ ಪಕ್ಕದ ಭಾಗ್ಯನಗರ ಪರಿಚಿತ. ಕೂದಲು ಸಂಸ್ಕರಣೆಗೆ ಹೆಸರಾದ ಊರದು. ಅಲ್ಲಿನ ಹೆಣ್ಣುಮಕ್ಕಳು ಸಿಕ್ಕುಗೂದಲನ್ನು ಬಿಡಿಸಿ, ಉದ್ದಕ್ಕೆ ತಕ್ಕಂತೆ ಬೇರ್ಪಡಿಸಿ, ಕಟ್ಟು ಕಟ್ಟುತ್ತಾರೆ. ಕೇಂದ್ರ ಸರ್ಕಾರವು 2022ರ ಜನವರಿಯಲ್ಲಿ ಕಚ್ಚಾ ಕೂದಲಿನ ರಫ್ತಿಗೆ ನಿರ್ಬಂಧ ವಿಧಿಸಿದುದು ಇಂತಹ ಕೆಲಸ ನಮ್ಮ ದೇಶದಲ್ಲಿಯೇ ಉಳಿಯಲಿ ಎಂಬ ಉದ್ದೇಶಕ್ಕೂ ಪೂರಕವಾಗಿದೆ. ನಾವು ಧರಿಸುವ ಎಸಳಿನಲ್ಲಿ ಇನ್ನೊಬ್ಬಳ ಕಾಯಕವಿದೆ. ಅದನ್ನು ಅಶುದ್ಧವೆಂದು ಹೀಗಳೆಯುವವರು ಕಾಯಕದ ಅರ್ಥವನ್ನೇ ಮರೆತಂತೆ. ಕೊಂಡ ಎಸಳನ್ನು ಒಮ್ಮೆ ಮೃದುವಾದ ಶಾಂಪೂವಿನಿಂದ ತೊಳೆದು ಒಣಗಿಸಿ ಧರಿಸಿದರೆ ಸಾಕು. ಆ ಹೆಣ್ಣುಮಕ್ಕಳು ದಿನವಿಡೀ ಕುಳಿತು ಕೂದಲಿನ ಧೂಳನ್ನು ಉಸಿರಾಡುತ್ತಾರೆಂಬುದನ್ನೂ ನೆನೆಯಬೇಕು. ಮುಖಗವಸು, ಗಾಳಿಯಾಡುವ ಕೊಠಡಿ, ನ್ಯಾಯವಾದ ಕೂಲಿ ಅವರ ಹಕ್ಕು.

ಕೊನೆಯ ಮಾತು ಹಿರಿಯರಿಗೆ. ಕೂದಲು ತೆಳುವಾದ ಮಗಳು ಅಥವಾ ಸೊಸೆ ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಂತರೆ ಅದನ್ನು ವ್ಯಾಮೋಹವೆಂದು ಜರಿಯಬೇಡಿ. ಅವಳು ನಮ್ಮ ಮಾತುಗಳನ್ನೇ ಅಲ್ಲಿ ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಿರಬಹುದು. ಹೆಣ್ಣು ನೋಡುವ ದಿನ ಜಡೆಯ ಪ್ರಸ್ತಾಪವನ್ನು ಎತ್ತದಿರುವುದು, ಸುಸ್ತಾಗುತ್ತಿದೆಯೇ ಎಂದು ಕೇಳುವುದು, ಆಸ್ಪತ್ರೆಗೆ ಜೊತೆಯಲ್ಲಿ ಹೋಗುವುದು, ಈ ಮೂರನ್ನು ನಾವು ಮಾಡಬಲ್ಲೆವು. ಎರವಲು ಕೂದಲು ಸಂಜೆಗೆ ಪೆಟ್ಟಿಗೆ ಸೇರಲಿ, ಸ್ವಂತ ಬೇರು ಆರೋಗ್ಯದಿಂದ ಉಳಿಯಲಿ.